ಸೊನ್ನೆ ಪಾಯಿಂಟ್ ಸೊನ್ನೆ ಮೂರು

ಹಾಸ್ಟೆಲ್, ಅಬಿಡ್ಸ್
ಮಂಗಳವಾರ

ಅಪ್ಪಾ,

ಫೋನ್ ಮಾಡಿದರೆ ಅರ್ಧ ಮಾತಿಗೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಇದು, ತಪ್ಪು ಹುಡುಕುತ್ತಾ ಕೂರಬೇಡಿ.

ತಿಂಗಳಲ್ಲಿ ಹನ್ನೆರಡು ದಿನ ರಕ್ತ ಹೋಗುತ್ತದೆ ಎಂದು ಅಮ್ಮ ನನ್ನನ್ನು ಮನೆಯ ಹತ್ತಿರದ ಡಾಕ್ಟರಿಗೆ ತೋರಿಸಿದಳಲ್ಲ, ಅಲ್ಲಿಂದಲೇ ಶುರು. ಡಾಕ್ಟರು ನನ್ನನ್ನು ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಕೊಟ್ಟಳು. ತಲೆನೋವು ಇದೆಯಾ ಎಂದರೆ ಇಲ್ಲ ಎಂದಳು. ಒಂಬತ್ತನೇ ಕ್ಲಾಸಿನಿಂದ ನನಗೆ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಕುಣಿದು, ಆಮೇಲೆ ಅರ್ಧ ತಲೆ ಸಿಡಿಯುತ್ತದೆ. ವಾರ್ಡನ್ ಬಾಮ್ ಹಚ್ಚಿ ಮಲಗಿಸುತ್ತಿದ್ದರು. ಮನೆಯಲ್ಲಿ ನಾನು ಹೇಳಿರಲಿಲ್ಲ. ಅವತ್ತೂ ಸುಮ್ಮನೆ ಕೂತೆ. ಆ ತಪ್ಪು ನನ್ನದೇ.

ರಕ್ತ ನಿಲ್ಲಲೆಂದು ಅವರು ಬರೆದುಕೊಟ್ಟ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಎರಡು ಹೆಸರಿದ್ದವು. ಲೆವೊನಾರ್ಜೆಸ್ಟ್ರೆಲ್ 0.15 ಎಂಜಿ, ಎಥಿನೈಲ್ ಎಸ್ಟ್ರಾಡಿಯಾಲ್ 0.03 ಎಂಜಿ. ರೂಮ್‌ಮೇಟ್ ವರ್ಷಾಳ ಹತ್ತಿರವೂ ಇಂಥದೇ ಮಾತ್ರೆ, ಅದರ ಮೇಲೆ 20 ಎಂದಿತ್ತು. ಇಪ್ಪತ್ತೆಲ್ಲಿ, ಸೊನ್ನೆ ಪಾಯಿಂಟ್ ಸೊನ್ನೆ ಮೂರೆಲ್ಲಿ? ಹತ್ತು ದಿನ ನುಂಗಿದರೂ ರಕ್ತ ನಿಂತಿರಲಿಲ್ಲ. ಇದರಲ್ಲಿ ಏನೂ ಇಲ್ಲವೇನೋ, ಎರಡು ನುಂಗಲಾ ಎಂದು ಕೇಳಲು ನಿಮಗೆ ಫೋನ್ ಮಾಡಿದೆ.

"ಅಂಥಾವೆಲ್ಲ ನನಗ ಕೇಳಬಾರದವ್ವಾ. ತಡಿ, ನಿಮ್ಮಮ್ಮಗ ಕೊಡ್ತೀನಿ," ಎಂದಿರಿ.

ಅಮ್ಮ, "ನನಗೇನ ತಿಳೀತೈತಿ? ದಿನಾ ಅದರಾಗ ಮುಳುಗಿ ಏಳಾವ್ರು ನಿಮ್ಮಪ್ಪ. ಅವರಿಗೇ ಕೇಳು," ಎಂದಳು.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಇದೇ.

ಜೀಡಿಮೆಟ್ಲಾದ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ನೀವು ಮಾಡುತ್ತಿರುವುದು ಇದೇ ಮಾತ್ರೆ, ಮಕ್ಕಳಾಗದಂತೆ ನುಂಗುವ ಹಾರ್ಮೋನ್ ಮಾತ್ರೆ. ಪುಡಿ ಒಂಚೂರು ಮೈಗೆ ಹತ್ತಿದರೂ ಕೆಡುಕು ಎಂದು ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಬರುತ್ತೀರಿ. ಕನ್ನಡ ಸಂಘದಲ್ಲಿ ಯಾರಾದರೂ ಕೇಳಿದರೆ, "ವಿಟಮಿನ್ ಸೆಕ್ಷನ್ನಿನಾಗ ಅದೀನ್ರಿ" ಎನ್ನುತ್ತೀರಿ. ಅವರಿಗೆ ಹಾಗೆ ಹೇಳಿ, ಬೇಡವೆನ್ನುವುದಿಲ್ಲ. ನನಗೂ ಹಾಗೇನಾ?

ನಾನು ಎರಡೆರಡು ನುಂಗಲು ಶುರು ಮಾಡಿದೆ. ನಾಲ್ಕನೇ ದಿನ ಅಕೌಂಟ್ಸ್ ಕ್ಲಾಸಿನಲ್ಲಿ ಅದೇ ಬೆಳಕು ಬಂತು. ಬೋರ್ಡಿನ ಅರ್ಧ ಭಾಗ ಕಾಣದಾಯಿತು, ಎಡಗೈ ಜುಮ್ಮೆಂದು ಮರಗಟ್ಟಿತು. ವರ್ಷಾ ಆಟೋದಲ್ಲಿ ಆಸ್ಪತ್ರೆಗೆ ಒಯ್ದಳು. "ದೋ ದೋ ಕಾಯ್ಕು ಖಾಯೀ ರೇ ಪಾಗಲ್?" ಎಂದು, ಎರಡೆರಡು ಯಾಕೆ ನುಂಗಿದೆ ಹುಚ್ಚಿ ಎಂದು, ದಾರಿಯುದ್ದಕ್ಕೂ ಬೈದಳು, ಬೈಯುತ್ತಲೇ ನನ್ನ ಕೈ ತಿಕ್ಕಿದಳು.

ಇಲ್ಲಿಯ ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದರು. ಆ ಎಸ್ಟ್ರಾಡಿಯಾಲ್ ಈಸ್ಟ್ರೋಜನ್ ಹಾರ್ಮೋನಂತೆ, ನನ್ನ 0.03 ಮಿಲಿಗ್ರಾಮ್ ಅಂದರೆ ಅದರ ಮೂವತ್ತು ಮೈಕ್ರೋಗ್ರಾಮ್. ವರ್ಷಾಳ ಇಪ್ಪತ್ತು, ಮೈಕ್ರೋಗ್ರಾಮಿನ ಇಪ್ಪತ್ತು. ಜೋರಿನ ಮಾತ್ರೆ ನನ್ನದೇ, ಅದನ್ನೇ ನಾನು ಡಬಲ್ ಮಾಡಿದ್ದೆ. ಆದರೆ ಬೆಳಕು ಕಾಣಿಸುವ ತಲೆನೋವು ಇದ್ದವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಇಪ್ಪತ್ತೂ ಬೇಡ, ಮೂವತ್ತೂ ಬೇಡವಂತೆ. ಪಾರ್ಶ್ವವಾಯುವಿನ ಅಪಾಯ ಹೆಚ್ಚಾಗುತ್ತದಂತೆ. ನನಗೆ ಹದಿನೆಂಟು, ಅಪ್ಪಾ. ಸ್ಕ್ಯಾನ್ ಮುಗಿದು ಏನೂ ಆಗಿಲ್ಲ ಎನ್ನುವವರೆಗೆ ನಾನು ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಾ ಕೂತಿದ್ದೆ. ಈಗ ಕೈ ಸರಿಯಾಗಿದೆ. ಆ ಮಾತ್ರೆ ನಿಲ್ಲಿಸಿದ್ದಾರೆ.

"ಅದು ಸಣ್ಣ ನಂಬರ್ ಅಲ್ಲವ್ವಾ, ಎರಡು ತಗೋಬ್ಯಾಡ." ನೀವು ಇಷ್ಟು ಅಂದಿದ್ದರೆ ಸಾಕಿತ್ತು. ನನಗೆ ಸಿಟ್ಟು ಬರುವುದು ಅದಕ್ಕೇ. ಗೊತ್ತಿಲ್ಲದವರ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಬೇರೆ ಔಷಧಿ ಬರೆದುಕೊಡುತ್ತಾರೆ. ರಜೆ ಹಾಕಿ ಬನ್ನಿ. ಅಮ್ಮನೂ ಬರಲಿ, ಆದರೆ ಡಾಕ್ಟರಿಗೆ ಉತ್ತರ ನಾನೇ ಕೊಡುತ್ತೇನೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಆ ಹೊಸ ಸ್ಟ್ರಿಪ್ಪನ್ನು ನಿಮ್ಮ ಕೈಗೆ ಕೊಡುತ್ತೇನೆ. ಅದರ ಮೇಲಿರುವ ಒಂದೊಂದು ಹೆಸರನ್ನೂ ನೀವು ಬಾಯಿಬಿಟ್ಟು ಓದಬೇಕು. ಅದು ಏನು, ಎಷ್ಟು, ಯಾಕೆ, ನನಗೆ ಹೇಳಬೇಕು. ಅಲ್ಲಿ ನಮ್ಮ ಸಂಘದವರೇ ನಿಂತಿದ್ದರೂ ಸರಿ.

ಸಿಟ್ಟು ಇಳಿದಿಲ್ಲ. ಆದರೂ ನಿಮ್ಮ ಕಾಲಿಗೆ ನಮಸ್ಕಾರ ಮಾಡಿಯೇ ಮುಗಿಸುತ್ತೇನೆ. ಗಟ್ಟಿಯಾಗಿರು ಎಂದು ಹರಸಿ, ಬಂದು ಎದುರಿಗೇ ಹರಸಿ.

ನಿಮ್ಮ ಮಗಳು,
ಮಧುರಾ