ಓದುವವರ ಹೆಸರು

ನವೆಂಬರ್ ೧೮, ಮಂಗಳವಾರ

ಪಂಪಾಪತಿಯೇ ಹಾಗೆ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ.

ಲೈಬ್ರರಿಯ ಆನ್‌ಲೈನ್ ಸಂಶೋಧನಾ ಪತ್ರಿಕೆಗಳ ಚಂದಾ ಮುಂದುವರಿಸಬೇಕೋ ಬೇಡವೋ ಎಂದು ಕಾಲೇಜಿನಲ್ಲಿ ಇವತ್ತು ಸಭೆ ಇತ್ತು. ಲೈಬ್ರೇರಿಯನ್ ಆಗಿ ನಾನು ಬಳಕೆಯ ವರದಿ ಹಿಡಿದು ಹೋಗಿದ್ದೆ. ಓದುವವರು ಕಡಿಮೆ, ನಿಜ. ಆದರೆ ಮಸರಕಲ್‌ನ ಚಂದ್ರಕಲಾಳಂಥ ಎಂ.ಎ. ಹುಡುಗಿಯರು ಊರಲ್ಲೇ ಕೂತು ಮೊಬೈಲಿನಲ್ಲಿ ಓದುತ್ತಾರೆ. ಅದನ್ನು ಹೇಳುವಷ್ಟರಲ್ಲಿ ಅರ್ಥಶಾಸ್ತ್ರದ ಪಂಪಾಪತಿ ಎದ್ದು ನಿಂತ.

"ಯಾರೂ ಓದಂಗಿಲ್ರಿ ಸರ್, ಸುಮ್ನ ದಂಡ. ಅದರ ಬದ್ಲಿ ನಮ್ಮ ವಿಭಾಗಕ್ಕ ಸ್ಮಾರ್ಟ್ ಬೋರ್ಡ್ ಕೊಡ್ರಿ."

ಅವನ ಪಿಎಚ್.ಡಿ. ಮುಗಿದದ್ದೇ ಆ ಪತ್ರಿಕೆಗಳಿಂದ. ಪಕ್ಕದಲ್ಲಿ ಕೂರಿಸಿಕೊಂಡು ಹುಡುಕುವುದನ್ನು ಕಲಿಸಿದವಳು ನಾನು. ಇಡೀ ಕಾಲೇಜಿನಲ್ಲಿ ಅವನ್ನು ಎಲ್ಲರಿಗಿಂತ ಹೆಚ್ಚು ಓದುವವನು ಈಗಲೂ ಅವನೇ.

"ಓದೋರು ಯಾರ್ ಅದಾರ, ಹೆಸರು ಹೇಳ್ರಿ ಮೇಡಂ" ಎಂದರು ಪ್ರಿನ್ಸಿಪಾಲರು.

ಯಾರು ಏನು ಓದುತ್ತಾರೆಂದು ಲೈಬ್ರರಿಯವರು ಹೊರಗೆ ಹೇಳಬಾರದು. ಬಾಯಿಗೆ ಬಂದ ಅವನ ಹೆಸರನ್ನು ನುಂಗಿಕೊಂಡೆ. ಪಂಪಾಪತಿ ನೆಲ ನೋಡುತ್ತಿದ್ದ. ನಾನು ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅದೇ ಧೈರ್ಯ. ಡಿಸೆಂಬರ್‌ಗೆ ಚಂದಾ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಸಂಜೆ ಅವನದೇ ಫೋನು.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಂದ್ ಆಗೋದ್ರೊಳಗ ನಂಗ ಒಂದ್ನಾಕು ಲೇಖನ ಇಳಿಸಿ ಕಳಸ್ರಿ."

ಅಕ್ಕಾ ಅಂತೆ. ಅಷ್ಟು ಹಗುರವಾಗಿ!

ಕಳಿಸಿದೆ. ಓದುವವರು ಕೇಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಥ್ಯಾಂಕ್ಸ್ ಎಂದು ಬಂದ ಮೆಸೇಜನ್ನು ಮಾತ್ರ ಅಳಿಸಿಹಾಕಿದೆ. ನಾಳೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಮತ್ತೆ ಅಕ್ಕಾ ಎಂದು ಕರೆದರೆ, ಓಗೊಡಲು ನನ್ನಿಂದಾಗದು.