ಗಡಿಯ ಈಚೆಗಿನ ಒಲೆ

ನೆಬ್ರಾಸ್ಕಾ
ಏಪ್ರಿಲ್ ೧೪, ೧೯೫೪

ಪ್ರೀತಿಯ ಆರ್ವಿಲ್ ಚಿಕ್ಕಪ್ಪ,

ಸ್ಮಾರಕದ ಕಲ್ಲು ಕೆತ್ತುವವನಿಗೆ ಒಂದು ವಾರ ತಡೆಯಲು ಹೇಳಿ. “ಈ ನೆಲಕ್ಕೆ ಮೊದಲ ನೇಗಿಲು ಹೂಡಿದವರು ನೀಲ್ಸ್ ಲಿಂಡಾಲ್ ಮತ್ತು ಪತ್ನಿ” ಎಂದು ಕೆತ್ತಿಸಬೇಡಿ.

ನೀವು ಹೇಳಿದಂತೆ ಮುತ್ತಾತ ನೀಲ್ಸ್‌ನ ಜಮೀನಿನ ಕಾಗದ ಹುಡುಕಿಸಿದೆ. ಜೊತೆಗೆ ಮುತ್ತಜ್ಜಿ ಸಿಗ್ನೆಯದೂ ಸಿಕ್ಕಿತು! ಮದುವೆಗೆ ಮೊದಲೇ ಇಬ್ಬರೂ ಅಕ್ಕಪಕ್ಕದ ಸರ್ಕಾರಿ ಜಮೀನಿಗೆ ಬೇರೆಬೇರೆ ಅರ್ಜಿ ಹಾಕಿದ್ದರು. ಅವರವರ ನೆಲದಲ್ಲೇ ಅವರವರು ವಾಸ ಮಾಡಬೇಕೆಂಬ ಕಾನೂನಿತ್ತಲ್ಲ, ಅದಕ್ಕೆ ಮದುವೆಯಾದ ಮೇಲೆ ಗಡಿಗೆರೆಯ ಮೇಲೆಯೇ ಮಣ್ಣಿನ ಮನೆ ಕಟ್ಟಿ, ಆಚೆಗೊಂದು ಈಚೆಗೊಂದು ಮಂಚ ಹಾಕಿಕೊಂಡರು. “ಇದು ಯಾರ ಮನೆಯಮ್ಮಾ?” ಎಂದ ಅಧಿಕಾರಿಗೆ ಆಕೆ ಕೊಟ್ಟ ಉತ್ತರ ಕಾಗದದಲ್ಲಿದೆ: “ಒಲೆ ನನ್ ಕಡೆ ಐತೆ ಸ್ವಾಮಿ. ಹಸಿವಾದ್ರೆ ಅವ್ರೇ ಗಡಿ ದಾಟಿ ಬರ್ತಾರೆ.”

ಮಿಡತೆ ಹಿಂಡು ಬಂದು ಪೈರೆಲ್ಲ ತಿಂದ ವರ್ಷ ಮುತ್ತಾತ ತನ್ನ ಪಾಲನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟ. ಅವಳು ಬಿಡಲಿಲ್ಲ. ನೀವು ಇಂದು ಉಳುತ್ತಿರುವುದು ಅವಳ ಪಾಲನ್ನು.

“ನಮ್ಮನೆ ಹೆಂಗಸರು ತಂದಿದ್ದು ಒಂದು ಕಾಫಿ ಕೆಟಲ್ ಅಷ್ಟೇ ಕಣೇ” ಎಂದು ನಗುತ್ತೀರಲ್ಲ, ಆ ಕೆಟಲ್ ಇಟ್ಟ ಒಲೆಯೂ ಅವಳ ನೆಲದಲ್ಲೇ ಉರಿದದ್ದು.

ಕಲ್ಲಿನ ಮೇಲೆ ಅವಳ ತವರಿನ ಹೆಸರೇ ಇರಲಿ, ಸಿಗ್ನೆ ಓಲ್ಸನ್. ಅರ್ಜಿಗೆ ಸಹಿ ಹಾಕಿದ್ದು ಹಾಗೆಯೇ. ಮುತ್ತಾತನನ್ನೂ ಮರೆಯಬೇಡಿ. ಕೆಳಗೆ ಜಾಗ ಉಳಿದರೆ ಸೇರಿಸಿ: “ಮತ್ತು ಪತಿ.”

ನಿಮ್ಮ ಅಣ್ಣನ ಮಗಳು,
ಹೆಡ್ವಿಗ್