ಬಿಸ್ಕತ್ತಿನ ಡಬ್ಬಿಯ ಅಲಾರಂ

ಮಾರ್ಚ್ ೧೪, ಶನಿವಾರ

ನಮ್ಮ ಹುಡುಗಿಯರ ವಿಜ್ಞಾನ ತರಗತಿಯ ಚೂಟಿ ಇವತ್ತು ಕೈತಪ್ಪಿ ಹೋಗುವುದರಲ್ಲಿದ್ದಳು. ನಾನು ಹೇಳಿಕೊಟ್ಟ, ಬೆಳಕು ಬಿದ್ದರೆ ಕೂಗುವ ಅಲಾರಂ ಅನ್ನು ಮನೆಯ ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟಿದ್ದಾಳೆ. ಸಿಕ್ಕಿಬಿದ್ದದ್ದು ಸಕ್ಕರೆ ಕಾಯಿಲೆಯ ಅಜ್ಜಿ! ಡಬ್ಬಿಯನ್ನೂ ಮೊಮ್ಮಗಳನ್ನೂ ಹಿಡಿದುಕೊಂಡು ಶನಿವಾರದ ತರಗತಿ ನಡೆಯುವ ಲೈಬ್ರರಿಯ ಹಿಂದಿನ ಕೋಣೆಗೇ ಬಂದುಬಿಟ್ಟರು.

“ಮನೆಮಂದಿ ಮುಂದೆ ನನ್ನ ಮಾನ ಕಳೆದ್ಳು. ಇನ್ಮೇಲೆ ಇವಳನ್ನ ಕಳಿಸಲ್ಲ ಮೇಡಂ.”

ನಗು ತಡೆದುಕೊಂಡೆ. ಅಷ್ಟರಲ್ಲಿ ಅಜ್ಜಿ ಡಬ್ಬಿಯೊಳಗೆ ಇಣುಕಿದರು. “ಬೆಳಕು ಬಿದ್ರೆ ತಾನೇ ಕೂಗೋದು? ಕತ್ತಲಲ್ಲಿ ತೆಗೆದ್ರೆ?”

ಚೂಟಿಯ ಮುಖ ಸಪ್ಪಗಾಯಿತು. ಮರುಗಳಿಗೆಗೆ, “ಮುಚ್ಚಳ ಅಲ್ಲಾಡಿದ್ರೇ ಕೂಗೋ ಹಾಗೆ ಮಾಡ್ತೀನಿ ಅಜ್ಜಿ!”

“ಮಾಡೇ, ಅದನ್ನೂ ನೋಡೇಬಿಡ್ತೀನಿ!”

ಮಾಡಬೇಕಾದರೆ ಮುಂದಿನ ಶನಿವಾರ ಅವಳು ಬರಲೇಬೇಕು. ಅಜ್ಜಿಗೆ ಇದು ಹೊಳೆಯಿತೋ ಇಲ್ಲವೋ, ನಾನಂತೂ ಬಾಯಿ ಬಿಡಲಿಲ್ಲ.